ಕಣ್ಣಂದಾಜಿನ ತೂಕ

ಫೆಬ್ರವರಿ 26

ಅಕ್ಕಾ,

ನಿನ್ನ ಫೋಟೋ ತಲುಪಿತು. ಬಾಲ್ಕನಿಯಲ್ಲಿ ಸ್ವೆಟರ್ ಹಾಕಿಕೊಂಡು, ಕೆಳಗಿನ ಅಂಗಡಿಯ ಟೈಲರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೆಗೆಸಿದ್ದೀಯ. ಹಿಂದುಗಡೆ ಒಂದಕ್ಷರವೂ ಇಲ್ಲ. ಯಾಕೆ ಕಳಿಸಿದ್ದೀಯ ಎಂದು ನನಗೆ ಗೊತ್ತು. ಐವತ್ತಾರು. ಹೋದ ವರ್ಷಕ್ಕಿಂತ ನಾಲ್ಕು ಕಿಲೋ ಇಳಿದಿದ್ದೀಯ, ಬೆಳಗಿನ ನಡಿಗೆ ಕೊನೆಗೂ ಫಲ ಕೊಟ್ಟಿದೆ. ಟೈಲರ್ ಎಂಬತ್ತೊಂದು. ಅವನಿಗೆ ಹೇಳಬೇಡ. ಚಿಕ್ಕಮ್ಮನಿಗೆ ಹೇಳಿದ್ದಕ್ಕೆ ಅವಳು ಎರಡು ವರ್ಷ ಮಾತು ಬಿಟ್ಟಿದ್ದಳು. ಬಸ್ ನಿಲ್ದಾಣದ ತೂಕದ ಯಂತ್ರದ ಮೇಲೆ ನಿಂತು, ನಾನು ಹೇಳಿದ್ದೇ ಸರಿ ಎಂದು ಗೊತ್ತಾದ ಮೇಲೆ ಇನ್ನೂ ಒಂದು ವರ್ಷ.

ಇಲ್ಲಿ ಒಂದು ಕರಡಿ ಬಂದಿದೆ. ಮುಚ್ಚಿಹೋದ ಮರದ ಕಾರ್ಖಾನೆಯ ಶೆಡ್ಡಿನಲ್ಲಿ ಹಗಲೆಲ್ಲ ಮಲಗಿದ್ದು, ಸಂಜೆ ಶಾಲೆಯ ಹಿಂದಿನ ಕಸದ ಡ್ರಮ್ಮುಗಳಿಗೆ ಕೈ ಹಾಕುತ್ತದೆ. ಚಳಿಗಾಲ ಮುಗಿಸಿ ಗವಿಯಿಂದ ಎದ್ದು ಬಂದದ್ದು. ಯಾರನ್ನೂ ಮುಟ್ಟಿಲ್ಲ. ಆದರೂ ಮಾರ್ಚ್ ಹದಿನೇಳರೊಳಗೆ ಹಿಡಿದು ದಟ್ಟ ಕಾಡಿಗೆ ಸಾಗಿಸದಿದ್ದರೆ ಗುಂಡು ಹಾರಿಸಲು ಆದೇಶವಾಗಿದೆ. ಹಿಡಿಯುವುದು ಎಂದರೆ ನಾನು. ದೂರದಿಂದ ಮದ್ದಿನ ಸೂಜಿ ಹೊಡೆದು ಮಲಗಿಸಿ, ಬಲೆಯಲ್ಲಿ ಎತ್ತಿ, ಲಾರಿಗೆ ಹಾಕುವುದು. ಕಾಡುಪ್ರಾಣಿಯನ್ನು ಮೊದಲು ತಕ್ಕಡಿ ಹತ್ತಿಸಿ ಆಮೇಲೆ ಮದ್ದು ಅಳೆಯಲಾಗುವುದಿಲ್ಲವಲ್ಲ. ಮೊದಲು ಅಂದಾಜು, ಆಮೇಲೆ ಮದ್ದು, ಕೊನೆಗೆ ತಕ್ಕಡಿ. ನಿಮ್ಮ ಆಸ್ಪತ್ರೆಯ ಕ್ರಮಕ್ಕೆ ಪೂರ್ತಿ ತಿರುಗುಮುರುಗು.

ನನ್ನ ಜೊತೆ ಇರುವ ಗಾರ್ಡಿಗೆ ಎಲ್ಲರೂ ರೇಡಿಯೋ ಎನ್ನುತ್ತಾರೆ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ನಿಲ್ಲುವುದಿಲ್ಲ. ಹದಿನಾರು ವರ್ಷದಿಂದ ತಾತ್ಕಾಲಿಕ ನೌಕರ. ಕರಡಿಯ ಹಿಂದೆ ಸುತ್ತಿ ಬಂದು ನಿನ್ನೆ ಹೇಳಿದ, "ಸಾರ್, ಅದಕ್ಕೂ ನಿಮ್ಮ ಥರಾನೇ ಸಂಸಾರ ಇಲ್ಲ. ಒಂಟಿ."

ನಿನ್ನ ತಮ್ಮ


ಮಾರ್ಚ್ 6

ಡಾಕ್ಟರ್ ಸಾಹೇಬರಿಗೆ,

ಐವತ್ತಾರು ಎಂದದ್ದು ಸರಿ. ನಿನ್ನ ಕಣ್ಣಿಗೆ ಇನ್ನೂ ವಯಸ್ಸಾಗಿಲ್ಲ.

ಟೈಲರಣ್ಣ ಮೆಟ್ಟಿಲ ಮೇಲೆ ಅಡ್ಡ ಹಾಕಿ ಕೇಳಿದ, "ಅಮ್ಮಾ, ನಿಮ್ ತಮ್ಮ ನನ್ ಬಗ್ಗೆ ಏನಾದ್ರೂ ಬರೆದ್ರಾ?" ಅಂಗಿ ಚೆನ್ನಾಗಿದೆ ಅಂತ ಬರೆದಿದ್ದಾನೆ ಎಂದೆ. ಮೂರು ದಿನದಿಂದ ಅದೇ ಅಂಗಿಯಲ್ಲಿದ್ದಾನೆ.

ಇಪ್ಪತ್ತೈದರೊಳಗೆ ಒಮ್ಮೆ ಬಂದುಹೋಗಲು ಆಗುತ್ತದೆಯೇ? ಒಂದು ಕಾಗದಕ್ಕೆ ಸಹಿ ಬೇಕಿತ್ತು. ಹತ್ತಿರದ ಸಂಬಂಧಿ ಎಂದು ಬರೆಯುವ ಜಾಗದಲ್ಲಿ ಬರೆಯಲು ನೀನೊಬ್ಬನೇ ಇರುವುದು. ಅವಸರವೇನಿಲ್ಲ, ಇಪ್ಪತ್ತೈದರೊಳಗೆ ಆದರೆ ಆಯಿತು. ಬಂದರೆ ಒಂದೆರಡು ದಿನ ಇದ್ದು ಹೋಗು. ಬರಲಾಗದಿದ್ದರೂ ತೊಂದರೆಯಿಲ್ಲ.

ಒಂದು ಮಾತು ಕೇಳುತ್ತೇನೆ, ನಗಬೇಡ. ಅಷ್ಟು ದೊಡ್ಡ ಪ್ರಾಣಿಯನ್ನು ಮಲಗಿಸುವಾಗ, ಇದು ಮತ್ತೆ ಏಳುವುದಿಲ್ಲವೇನೋ ಎಂದು ನಿನಗೆ ಅನ್ನಿಸುತ್ತದೆಯೇ? ಮೂವತ್ತೊಂದು ವರ್ಷ ಆಪರೇಷನ್ ಕೋಣೆಯಲ್ಲಿ ಡಾಕ್ಟರುಗಳ ಕೈಗೆ ಕತ್ತರಿ ಕೊಡುತ್ತಾ ನಿಂತೆ. ಈ ಪ್ರಶ್ನೆಯನ್ನು ಒಬ್ಬರಿಗೂ ಕೇಳಿರಲಿಲ್ಲ. ಈಗ ನಿವೃತ್ತಿಯಾಗಿ ಕೂತಿದ್ದೇನೆ, ಕೆಲಸವಿಲ್ಲದವರ ತಲೆಗೆ ಏನೇನೋ ಬರುತ್ತದೆ.

ಅಕ್ಕ


ಮಾರ್ಚ್ 11

ಅಕ್ಕಾ,

ಅನ್ನಿಸುವುದಿಲ್ಲ. ಹಾಗೆ ಅನ್ನಿಸುವವರು ಈ ಕೆಲಸಕ್ಕೆ ಬರಬಾರದು. ಇಪ್ಪತ್ತಮೂರು ವರ್ಷದಲ್ಲಿ ನಾನು ಮಲಗಿಸಿದ್ದು ಮುನ್ನೂರಕ್ಕೂ ಹೆಚ್ಚು, ಎದ್ದು ನನ್ನನ್ನು ಬೈದುಕೊಂಡು ಹೋದದ್ದೂ ಹೆಚ್ಚುಕಡಿಮೆ ಅಷ್ಟೇ.

ಬರಲು ಸಾಧ್ಯವೇ ಇಲ್ಲ. ಹದಿನೇಳಕ್ಕೆ ಕರಡಿಯ ಕೆಲಸ. ಅದಾದ ಮೇಲೆ ಹದಿನೈದು ದಿನ ಅದರ ಹಿಂದೆಯೇ ಇರಬೇಕು. ಕಾಗದವನ್ನು ಅಂಚೆಯಲ್ಲಿ ಕಳಿಸು. ಸಹಿ ಎಲ್ಲಿ ಬೇಕೋ ಅಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕು ಸಾಕು. ನಮ್ಮ ಗುಮಾಸ್ತ ಹಾಗೇ ಮಾಡುತ್ತಾನೆ. ಫೈಲು ಬಿಡಿಸಿ, ಗುರುತು ಇರುವ ಮೂಲೆಯನ್ನಷ್ಟೇ ನನ್ನ ಕಡೆ ತಳ್ಳುತ್ತಾನೆ. ದಿನಕ್ಕೆ ನಲವತ್ತು ಕಾಗದ. ಎಲ್ಲವನ್ನೂ ಓದುತ್ತಾ ಕೂತರೆ ಪ್ರಾಣಿಗಳನ್ನು ನೋಡುವವರು ಯಾರು?

ಕರಡಿಯನ್ನು ದುರ್ಬೀನಿನಲ್ಲಿ ನಾಲ್ಕು ಸಲ ನೋಡಿದೆ. ನೂರಹತ್ತು ಕಿಲೋ. ಮೇಲೆ ಕೆಳಗೆ ಐದು. ಒಳ್ಳೆಯ ಮೈಕಟ್ಟು.

ತಮ್ಮ


ಮಾರ್ಚ್ 14

ತಮ್ಮಾ,

ಕಾಗದ ಇಟ್ಟಿದ್ದೇನೆ. ನೀನು ಹೇಳಿದ ಹಾಗೆ ಪೆನ್ಸಿಲ್ ಗುರುತು ಹಾಕಿದ್ದೇನೆ. ಲಕೋಟೆಗೆ ಹಿಡಿಯಲಿ ಎಂದು ಮಡಿಸಿದೆ, ಸಹಿಯ ಜಾಗ ಮೇಲೆಯೇ ಇದೆ. ಆಸ್ಪತ್ರೆಯವರದು. ಅವರ ಕಾಗದಗಳು ನಿನಗೆ ಗೊತ್ತಲ್ಲ, ಸತ್ತರೂ ಮುಗಿಯುವುದಿಲ್ಲ.

ಪೂರ್ತಿ ಬಿಡಿಸಿ ಓದಬೇಕೆನ್ನಿಸಿದರೆ ಓದು.

ಕರಡಿ ಏಳುವವರೆಗೆ ನೀನು ಅಲ್ಲೇ ಇರುತ್ತೀಯಾ, ಬೇರೆಯವರಿಗೆ ಬಿಟ್ಟು ಹೋಗುತ್ತೀಯಾ?

ಅಕ್ಕ


ಮಾರ್ಚ್ 19

ಅಕ್ಕಾ,

ಸಹಿ ಹಾಕಿ ಇದರೊಂದಿಗೆ ಇಟ್ಟಿದ್ದೇನೆ.

ಕರಡಿ ಉಳಿಯಲಿಲ್ಲ. ಹದಿನೇಳರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಸೂಜಿ ತಗುಲಿತು. ಒಂಬತ್ತು ನಿಮಿಷಕ್ಕೆ ಮಲಗಿತು. ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದೆ. ಉಸಿರು ಎಣಿಸಿದೆ. ಇಳಿಜಾರಿನಲ್ಲಿ ಎತ್ತಿಕೊಂಡು ಬರುವಾಗ ಉಸಿರು ನಿಧಾನವಾಯಿತು. ಹನ್ನೊಂದೂ ಹತ್ತಕ್ಕೆ ನಿಂತಿತು. ಮಾಡಬೇಕಾದದ್ದನ್ನೆಲ್ಲ ಮಾಡಿದೆ. ವಯಸ್ಸಾದ ಪ್ರಾಣಿ, ಹೃದಯ ತಡೆಯಲಿಲ್ಲ. ಹೀಗಾಗುವುದುಂಟು.

ಕೆಲಸ ತುಂಬ ಇದೆ.

ತಮ್ಮ


ಮಾರ್ಚ್ 23

ತಮ್ಮಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಹತ್ತು ಇಪ್ಪತ್ತು, ಒಂಬತ್ತು ನಿಮಿಷ, ಹನ್ನೊಂದೂ ಹತ್ತು, ಎಲ್ಲ ಬರೆದಿದ್ದೀಯ. ನಮ್ಮ ಕೋಣೆಯ ಗೋಡೆಗೆ ಅಂಟಿಸುತ್ತಿದ್ದ ಚೀಟಿಯ ಹಾಗಿದೆ. ಒಂದು ಅಂಕಿ ಮಾತ್ರ ಇಲ್ಲ. ಮಲಗಿದ ಮೇಲೆ ತಕ್ಕಡಿಗೆ ಹಾಕುತ್ತೇವೆ ಎಂದು ನೀನೇ ಬರೆದಿದ್ದೆ. ಎಷ್ಟು ಬಂತು?

ಹೃದಯ ತಡೆಯಲಿಲ್ಲ ಎನ್ನುವುದು ಮನೆಯವರಿಗೆ ಹೇಳುವ ಮಾತು. ಎಷ್ಟು ಸಲ ಆ ಮಾತನ್ನು ಬಾಗಿಲ ಹೊರಗೆ ಹೋಗಿ ಹೇಳಿ ಬಂದಿದ್ದೇನೆ. ನನಗೆ ಒಳಗಿನದು ಬೇಕು. ತೆಳ್ಳಗಿರುವ ಜೀವಕ್ಕೆ ಮದ್ದು ಹೆಚ್ಚಾದರೆ ಹೊರಗಿನಿಂದ ಗೊತ್ತಾಗುತ್ತದೆಯೇ? ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಆಮೇಲೆ ತಿರುಗಿ ಕರೆತರಲು ಆಗುತ್ತದೆಯೇ?

ಒಂದನೇ ತಾರೀಕಿನೊಳಗೆ ಬರೆ. ಎರಡರಿಂದ ಸ್ವಲ್ಪ ದಿನ ನಾನು ಮನೆಯಲ್ಲಿರುವುದಿಲ್ಲ. ಹಳೆಯ ಗೆಳತಿಯರ ಜೊತೆ ಇರುತ್ತೇನೆ.

ಅಕ್ಕ


ಏಪ್ರಿಲ್ 11

ಅಕ್ಕಾ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯಬಾರದೆಂದೇ ಇದ್ದೆ. ಇಲ್ಲಿ ಒಂದು ತನಿಖೆ ನಡೆಯುತ್ತಿದೆ. ಪತ್ರಿಕೆಯಲ್ಲಿ ಕರಡಿಯ ಫೋಟೋ ಬಂತು, ಕಣ್ಣಿಗೆ ನಾನು ಕಟ್ಟಿದ ಬಟ್ಟೆಯ ಸಮೇತ. ದಿನವೂ ಒಬ್ಬರಲ್ಲ ಒಬ್ಬರು ಬಂದು ಪ್ರಶ್ನೆ ಕೇಳುತ್ತಾರೆ. ನೀನೂ ಒಬ್ಬಳು ತನಿಖಾಧಿಕಾರಿಯಾಗಬೇಕಿತ್ತೇ? ತೂಕ ಎಷ್ಟು, ಮದ್ದು ಎಷ್ಟು, ಯಾವಾಗ ಗೊತ್ತಾಯಿತು. ಅವರಾದರೂ ಕುರ್ಚಿ ಎಳೆದು, ನೀರು ಕುಡಿದು, ಆಮೇಲೆ ಕೇಳುತ್ತಾರೆ. ನೀನು ನೇರ ಕೊರಳಿಗೇ ಕೈ ಹಾಕಿದೆ. ಮೂವತ್ತೊಂದು ವರ್ಷ ಬೇರೆಯವರ ಕೈಚಳಕ ನೋಡುತ್ತಾ ನಿಂತವರಿಗೆ ತಪ್ಪು ಹುಡುಕುವುದು ಸುಲಭ.

ನಮ್ಮ ಅರಣ್ಯ ಇಲಾಖೆಯ ಸಾಹೇಬರು ಮೊನ್ನೆ ನನ್ನನ್ನು ಕರೆಸಿದ್ದರು. ಮೇಜಿನ ಮೇಲೆ ವರದಿ ಸಿದ್ಧವಿತ್ತು. "ಗಾರ್ಡು ಜನರನ್ನ ದೂರ ಇಡಲಿಲ್ಲ, ಗಲಾಟೆಗೆ ಪ್ರಾಣಿ ಗಾಬರಿ ಬಿತ್ತು, ಹೃದಯ ನಿಂತುಹೋಯ್ತು. ಇಷ್ಟೇ ಡಾಕ್ಟ್ರೇ. ನಿಮ್ ಕೈಗೂ ಅಂಟಲ್ಲ, ನನ್ ಕೈಗೂ ಅಂಟಲ್ಲ."

"ರೇಡಿಯೋ ಕೆಲಸ ಹೋಗುತ್ತಲ್ಲ ಸಾರ್," ಎಂದೆ.

"ಟೆಂಪರರಿ ಅಲ್ವೇನ್ರೀ? ಇರೋದೇ ಹೋಗೋಕೆ."

ನಿನಗೆ ಬೇಕಾದದ್ದು ಇದೇ ಒಳಗಿನ ಸುದ್ದಿ ತಾನೇ? ತಗೋ.

ಗೆಳತಿಯರ ಜೊತೆ ಚೆನ್ನಾಗಿ ಸುತ್ತಾಡಿದೆ ಎಂದುಕೊಳ್ಳುತ್ತೇನೆ.


ಏಪ್ರಿಲ್ 29

ಅಕ್ಕಾ,

ಹದಿನೆಂಟು ದಿನ ನಿನ್ನಿಂದ ಸುದ್ದಿಯಿಲ್ಲ. ಸಿಟ್ಟಾಗಿದ್ದರೆ ಆಗಲೇಬೇಕಾದದ್ದು. ಇಲ್ಲಿ ಫೋನಿರುವುದು ಸಾಹೇಬರ ಕೋಣೆಯಲ್ಲಿ, ಅಲ್ಲಿ ನಿಂತು ನಿನಗೆ ಈ ಮಾತು ಹೇಳಲಾಗುವುದಿಲ್ಲ. ಬರೆಯುತ್ತೇನೆ.

ಅರವತ್ತಮೂರು.

ನೂರಹತ್ತಕ್ಕೆ ಅಳೆದ ಮದ್ದನ್ನು ಅರವತ್ತಮೂರಕ್ಕೆ ಕೊಟ್ಟೆ. ಚಳಿಗಾಲದ ಕೂದಲು ಇನ್ನೂ ಉದುರಿರಲಿಲ್ಲ. ಬಿಸಿಲಿಗೆ ನಿಂತಾಗ ಎಷ್ಟು ತುಂಬಿಕೊಂಡು ಕಾಣುತ್ತಿತ್ತೆಂದರೆ ನಾನು ಅದರ ಬೆನ್ನಿನ ಅಗಲ ನೋಡಿದೆನೇ ಹೊರತು ನಡಿಗೆ ನೋಡಲಿಲ್ಲ. ಮಲಗಿದ ಮೇಲೆ ಪಕ್ಕೆಯ ಮೇಲೆ ಕೈ ಇಟ್ಟೆ. ಕೈ ಮಣಿಕಟ್ಟಿನವರೆಗೂ ಕೂದಲೊಳಗೆ ಹೋಯಿತು, ಆಮೇಲೆ ಸಿಕ್ಕಿದ್ದು ಎಲುಬು. ಬಾಯಿ ತೆರೆದು ನೋಡಿದೆ. ಹಲ್ಲುಗಳು ವಸಡಿನ ಮಟ್ಟಕ್ಕೆ ಸವೆದಿದ್ದವು. ಕಸದ ಡ್ರಮ್ಮಿಗೆ ಯಾಕೆ ಬರುತ್ತಿತ್ತು ಎಂದು ಆಗ ಅರ್ಥವಾಯಿತು. ಅಲ್ಲಿ ಸಿಗುವುದೆಲ್ಲ ಮೆತ್ತಗಿನದು.

ಗೊತ್ತಾದ ಕ್ಷಣಕ್ಕೇ ಏಳಿಸುವ ಮದ್ದು ಕೊಟ್ಟೆ. ತಿರುಗಿ ಬರಲಿಲ್ಲ. ನಿನ್ನ ಮೂರೂ ಪ್ರಶ್ನೆಗೆ ಉತ್ತರ ಇಷ್ಟೇ: ಹೊರಗಿನಿಂದ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ, ಕೆಲವು ಸಲ ಕರೆತರಲು ಆಗುವುದಿಲ್ಲ.

ಇನ್ನೊಂದಿದೆ. ಸೂಜಿ ತುಂಬುವಾಗ ರೇಡಿಯೋ ಪಕ್ಕದಲ್ಲಿದ್ದ. "ಸಾರ್, ಒಂದ್ಸಲ ಹೆಜ್ಜೆ ನೋಡಿ ಸಾರ್. ಮಣ್ಣು ಒತ್ತೇ ಇಲ್ಲ. ಅದು ಬರೀ ಕೂದಲು, ಒಳಗೇನೂ ಇಲ್ಲ," ಎಂದ. ನಾನು ತಲೆ ಎತ್ತದೆ ಹೇಳಿದೆ, "ಡಾಕ್ಟರು ನೀನಾ ನಾನಾ?" ಸುತ್ತ ನಿಂತಿದ್ದವರು ನಕ್ಕರು. ಅವನೂ ನಕ್ಕ.

ಈಗ ಅವನು ಮಾತಾಡುವುದಿಲ್ಲ. ರೇಡಿಯೋ ಕೆಟ್ಟುಹೋಗಿದೆ ಎಂದು ಕಚೇರಿಯಲ್ಲಿ ತಮಾಷೆ. ನಿನ್ನೆ ಜೀಪಿನಲ್ಲಿ ಇಬ್ಬರೇ ಇದ್ದಾಗ ಕೇಳಿದೆ, "ತನಿಖೆಯೋರ ಹತ್ರ ನೀನು ಹೇಳಿದ್ದು ಹೇಳಲಿಲ್ವಾ?"

"ಇಲ್ಲ ಸಾರ್."

"ಯಾಕೆ?"

"ನಾನು ಹೇಳಿದೆ ಅಂದ್ರೆ, ನೀವು ಕೇಳಲಿಲ್ಲ ಅಂತಾಗುತ್ತಲ್ಲ ಸಾರ್."

ಸಾಹೇಬರ ವರದಿ ನನ್ನ ಮೇಜಿನ ಮೇಲಿದೆ. ಗುಮಾಸ್ತ ಪೆನ್ಸಿಲ್ ಗುರುತು ಹಾಕಿ ಹೋಗಿದ್ದಾನೆ. ಒಂಬತ್ತನೇ ತಾರೀಕು ವಿಚಾರಣೆ. ಅಷ್ಟರೊಳಗೆ ಸಹಿ ಬೀಳಬೇಕು, ಬಿದ್ದರೆ ರೇಡಿಯೋ ಮನೆಗೆ, ಬೀಳದಿದ್ದರೆ ನಾನು. ಎರಡೇ ಪುಟ. ಹದಿನೈದು ಸಲ ಓದಿದ್ದೇನೆ. ಜೀವನದಲ್ಲಿ ಯಾವ ಕಾಗದವನ್ನೂ ಇಷ್ಟು ಎಚ್ಚರದಿಂದ ಓದಿಲ್ಲ. ಒಂದೊಂದು ಶಬ್ದವೂ ಸರಿಯಾಗಿಯೇ ಇದೆ. ಜನ ಇದ್ದರು, ಗಲಾಟೆ ಇತ್ತು, ಹೃದಯ ನಿಂತಿತು.

ಏನು ಮಾಡಲಿ, ಹೇಳು. ಬೈದಾದರೂ ಬರೆ.

ತಮ್ಮ


ಮೇ 4

ತಮ್ಮಾ,

ಅಕ್ಷರ ನೋಡಿ ಗಾಬರಿಯಾಗಬೇಡ. ಇದು ಟೈಲರಣ್ಣನ ಕೈ. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ. ಇವತ್ತು ನನ್ನ ಬೆರಳು ಪೆನ್ನು ಹಿಡಿಯುತ್ತಿಲ್ಲ.

ನಿನ್ನ ಎರಡೂ ಕಾಗದಗಳನ್ನು ಇವತ್ತೇ ಒಟ್ಟಿಗೆ ಓದಿದೆ. ಆಸ್ಪತ್ರೆಯಿಂದ ನಿನ್ನೆ ಬಂದೆ. ಗೆಳತಿಯರು ಎಂದದ್ದು ಸುಳ್ಳಲ್ಲ, ವಾರ್ಡಿನಲ್ಲಿ ಇದ್ದವರೆಲ್ಲ ನನ್ನ ಜೊತೆಯ ನರ್ಸುಗಳೇ.

ಏಪ್ರಿಲ್ ಮೂರಕ್ಕೆ ಹೊಟ್ಟೆಯ ಗಡ್ಡೆಯ ಆಪರೇಷನ್ ಎಂದು ನಿಗದಿಯಾಗಿತ್ತು. ನನ್ನನ್ನು ಮಲಗಿಸುವ ಮದ್ದು ಕೊಡುವವಳು ಹೊಸ ಡಾಕ್ಟರು, ಚಿಕ್ಕ ವಯಸ್ಸು. "ಸಿಸ್ಟರ್, ತೂಕ?" ಎಂದಳು. ಮೂವತ್ತೊಂಬತ್ತು ಎಂದೆ. "ತಮಾಷೆ ಮಾಡ್ಬೇಡಿ, ಹತ್ತಿ ನೋಡೋಣ" ಎಂದು ಯಂತ್ರ ಹತ್ತಿಸಿದಳು. ಮೂವತ್ತೊಂಬತ್ತೇ. ಒಳ್ಳೆಯ ಹುಡುಗಿ, ಎರಡು ಸಲ ಹತ್ತಿಸಿದಳು. ಆ ಫೋಟೋದಲ್ಲಿ ನನ್ನ ಸ್ವೆಟರಿನ ಒಳಗೆ ಇನ್ನೂ ಎರಡು ಸ್ವೆಟರ್ ಇದ್ದವು. ಚಳಿಗೆ ಹಾಕಿಕೊಂಡದ್ದು, ಮೋಸಕ್ಕಲ್ಲ. ಆಮೇಲೆ ಮೋಸಕ್ಕೂ ಆಯಿತು ಅನ್ನು. ಐವತ್ತಾರು ಎಂದು ನೀನು ಬರೆದಾಗ ನನಗೆ ಸಂತೋಷವಾಯಿತು. ಒಬ್ಬರ ಕಣ್ಣಲ್ಲಾದರೂ ನಾನು ಅಷ್ಟು ಇದ್ದೆನಲ್ಲ.

ತೂಕ ಎಷ್ಟು ಬಂತು ಎಂದು ಕೇಳಿದ್ದು ನಿನ್ನ ತಪ್ಪು ಹಿಡಿಯಲು ಅಲ್ಲವೋ. ಹತ್ತು ದಿನದಲ್ಲಿ ನಾನೇ ಆ ಮೇಜಿನ ಮೇಲೆ ಮಲಗುವವಳಿದ್ದೆ. ನನಗೆ ಹೆದರಿಕೆಯಾಗಿತ್ತು. ಮೂವತ್ತೊಂದು ವರ್ಷ ಆ ಕೋಣೆಯಲ್ಲಿದ್ದವಳು ಅಲ್ಲಿಯ ಡಾಕ್ಟರುಗಳನ್ನು ಹಾಗೆ ಕೇಳಿದರೆ ನಗುತ್ತಾರೆ. ಕೇಳಲು ನೀನೊಬ್ಬ ಇದ್ದೆ. ಎರಡನೇ ತಾರೀಕು ಮಧ್ಯಾಹ್ನದವರೆಗೂ ಅಂಚೆಯವನನ್ನು ಕಾದೆ.

ಎದ್ದೆ. ಎದ್ದ ಕೂಡಲೇ ಗೋಡೆಯ ಗಡಿಯಾರ ನೋಡಿದೆ, ಅಭ್ಯಾಸಬಲ. ಮೂರು ಗಂಟೆಯ ಕೆಲಸ. ನಲವತ್ತು ನಿಮಿಷವೂ ಆಗಿರಲಿಲ್ಲ. ತೆರೆದು ನೋಡಿ, ಗಡ್ಡೆಯನ್ನು ತೆಗೆಯದೆ ಹಾಗೇ ಹೊಲಿದಿದ್ದರು. ಅದರ ಅರ್ಥವೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ದೊಡ್ಡ ಡಾಕ್ಟರು ಬಂದು, ಹಾಸಿಗೆಯ ತುದಿಯಲ್ಲಿ ನಿಂತು, ಬಾಗಿಲ ಹೊರಗಿನವರಿಗೆ ಹೇಳುವ ಮಾತುಗಳನ್ನೇ ನನಗೆ ಹೇಳಿದರು.

ನೀನು ಸಹಿ ಮಾಡಿದ್ದು ಅದೇ ಆಪರೇಷನ್ನಿನ ಒಪ್ಪಿಗೆಯ ಕಾಗದ. ಆಸ್ಪತ್ರೆಯವರು ಸಹಿಯನ್ನು ತಮ್ಮ ಎದುರಿಗೇ ಹಾಕಿಸಬೇಕು. ಹಳೆಯ ಪರಿಚಯ, ಅವರು ಕಣ್ಣು ಮುಚ್ಚಿಕೊಂಡರು. ಮಡಿಸಿದವಳು ನಾನು. ಆದರೆ ಬಿಡಿಸುತ್ತೀಯೇನೋ ಎಂದೂ ಕಾದೆ. ನೀನು ಬಂದಿದ್ದರೆ ಬಾಗಿಲಲ್ಲೇ ನನ್ನನ್ನು ನೋಡಿ ಅಂಕಿ ಹೇಳಿಬಿಡುತ್ತಿದ್ದೆ. ಅದನ್ನು ಕೇಳುವ ಧೈರ್ಯ ಇರಲಿಲ್ಲ. ಬರುವುದಿಲ್ಲ ಎಂದಾಗ ಸಮಾಧಾನವೂ ಆಯಿತು, ಎರಡು ದಿನ ಯಾರ ಜೊತೆಯೂ ಮಾತು ಬೇಡವೂ ಆಯಿತು. ಈ ಸಲ ಅದರ ನಕಲನ್ನು ಮಡಿಸದೆ ಕಳಿಸುತ್ತಿದ್ದೇನೆ. ಟೈಲರಣ್ಣ ಬಟ್ಟೆ ಕೊಡುವ ದೊಡ್ಡ ಲಕೋಟೆ ಕೊಟ್ಟಿದ್ದಾನೆ.

ಸಾಹೇಬರ ವರದಿಯ ವಿಷಯ ನನ್ನನ್ನು ಕೇಳಬೇಡ. ನೀನು ಓದದ ಕಾಗದಕ್ಕೆ ನಿನ್ನಿಂದ ಸಹಿ ಹಾಕಿಸಿಕೊಂಡವಳು, ಓದಿದ್ದಕ್ಕೆ ಹಾಕು, ಬಿಡು ಎಂದು ಯಾವ ಬಾಯಲ್ಲಿ ಹೇಳಲಿ? ಆದರೆ ಆ ರೇಡಿಯೋ ಜೊತೆ ಮಾತಾಡುತ್ತಿರು. ಸುಮ್ಮನಿದ್ದು ಸುಮ್ಮನಿದ್ದು ಮನುಷ್ಯ ಒಳಗೇ ತೆಳ್ಳಗಾಗುತ್ತಾನೆ.

ಅಕ್ಕ

(ಸಾರ್, ಅಮ್ಮನಿಗೆ ಗೊತ್ತಾಗದ ಹಾಗೆ ಬರೆಯುತ್ತಿದ್ದೇನೆ. ಅವರ ಎರಡು ಲಂಗ, ಒಂದು ರವಿಕೆ ಚಿಕ್ಕದು ಮಾಡಿಕೊಟ್ಟೆ. ಮತ್ತೆ ಮೊನ್ನೆ ಚಿಕ್ಕದು ಮಾಡಲು ಕೊಟ್ಟಿದ್ದಾರೆ. ಇನ್ನು ಹಿಡಿಯಲು ಬಟ್ಟೆಯಿಲ್ಲ. ಬೇಗ ಬನ್ನಿ. ಟೈಲರ್)


ಮೇ 10

ಅಕ್ಕಾ,

ನಿನ್ನ ಕಾಗದ ಎಂಟನೇ ತಾರೀಕು ಬಂತು. ನಿನ್ನೆ ವಿಚಾರಣೆಯಾಯಿತು. ಬೇರೆ ವರದಿ ನಾನೇ ಬರೆದುಕೊಂಡು ಹೋಗಿದ್ದೆ, ಅರ್ಧ ಪುಟ. ಅಂದಾಜು ನೂರಹತ್ತು, ತಕ್ಕಡಿಯಲ್ಲಿ ಅರವತ್ತಮೂರು. ಗಾರ್ಡು ಎಚ್ಚರಿಸಿದ್ದ, ನಾನು ಕೇಳಲಿಲ್ಲ. ಓದಿ ಮುಗಿಸಿದಾಗ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಇದೆಲ್ಲ ನಿಮ್ಮನ್ನ ಯಾರ್ರೀ ಕೇಳಿದ್ರು?" ಎಂದರು. ಉತ್ತರ ಬೇಕೆಂದೇ ಯಾರೂ ಕೇಳಿರಲಿಲ್ಲ, ನೀನೊಬ್ಬಳನ್ನು ಬಿಟ್ಟು.

ಹೊರಗೆ ಬೆಂಚಿನ ಮೇಲೆ ರೇಡಿಯೋ ಕೂತಿದ್ದ. ಅವನಿಗೆ ಏನೂ ಆಗುವುದಿಲ್ಲ ಎಂದು ಹೇಳಿದೆ. ಅವನು, "ನಿಮ್ಗೆ ಬುದ್ಧಿ ಇಲ್ಲ ಸಾರ್," ಎಂದ. ಎಂಟು ವಾರಗಳಲ್ಲಿ ಅವನಾಗಿ ಆಡಿದ ಮೊದಲ ಮಾತು.

ಇವತ್ತಿನಿಂದ ನಾನು ಅಮಾನತಿನಲ್ಲಿದ್ದೇನೆ.

ನಿನ್ನ ನಕಲನ್ನು ಓದಿದೆ. ಆಪರೇಷನ್ನಿನ ಅಪಾಯಗಳನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ ಎಂದಿದೆ. ನಾನು ಕೇಳಿದ ಎಲ್ಲ ಪ್ರಶ್ನೆಗಳಿಗೂ ಸಮಾಧಾನಕರ ಉತ್ತರ ದೊರೆತಿದೆ ಎಂದಿದೆ. ಅದರ ಕೆಳಗೆ ನನ್ನ ಸಹಿ, ಅಡಿಯಲ್ಲಿ ಗೆರೆಯ ಸಮೇತ. ಆ ದಿನ ನನಗೆ ಗೆರೆ ಎಳೆಯಲೂ ಪುರುಸೊತ್ತಿತ್ತು.

ಆ ಪ್ರಶ್ನೆಗಳನ್ನು ಈಗ ಕೇಳುತ್ತೇನೆ. ಯಾವಾಗಿನಿಂದ ನೋವಿತ್ತು? ಮೊದಲು ಯಾರಿಗೆ ಹೇಳಿದೆ? ಆಸ್ಪತ್ರೆಗೆ ಹೋಗುವಾಗ ಚೀಲ ಯಾರು ಹಿಡಿದುಕೊಂಡರು? ಕಣ್ಣು ಬಿಟ್ಟಾಗ ಎದುರಿಗೆ ಯಾರಿದ್ದರು? ಈಗ ಊಟ ನಿಲ್ಲುತ್ತದೆಯೇ? ಮಲಗಿದರೆ ಯಾವ ಮಗ್ಗುಲಿಗೆ ನೋವು ಕಡಿಮೆ? ನಾನು ಪ್ರಾಣಿಗಳ ಡಾಕ್ಟರು, ಅವು ಏನನ್ನೂ ಹೇಳುವುದಿಲ್ಲ, ನೋಡಿಯೇ ತಿಳಿಯಬೇಕು ಎಂದು ಇಷ್ಟು ವರ್ಷ ಜಂಬ ಪಟ್ಟೆ. ಹೇಳಬಲ್ಲವರನ್ನು ಕೇಳುವುದು ಒಂದು ಕೆಲಸವೆಂದು ಯಾರೂ ನನಗೆ ಕಲಿಸಲಿಲ್ಲ, ಅಥವಾ ನೀನು ಕಲಿಸಿದ್ದು ನನಗೆ ಹತ್ತಲಿಲ್ಲ.

ಕ್ವಾರ್ಟರ್ಸ್ ಖಾಲಿ ಮಾಡಿ, ಕೀಲಿ ಒಪ್ಪಿಸಿ, ಹದಿನೆಂಟನೇ ತಾರೀಕಿನ ಬಸ್ಸಿಗೆ ಹೊರಡುತ್ತೇನೆ. ಮಧ್ಯಾಹ್ನ ಮೂರಕ್ಕೆ ನಿನ್ನ ಬೀದಿಯಲ್ಲಿರುತ್ತೇನೆ. ಈಗ ನನಗೆ ರಜೆಗೆ ಯಾರನ್ನೂ ಕೇಳಬೇಕಾಗಿಲ್ಲ, ಎಷ್ಟು ದಿನ ಬೇಕಾದರೂ ಇರಬಲ್ಲೆ. ಎಷ್ಟು ಬಟ್ಟೆ ತುಂಬಿಕೊಳ್ಳಲಿ ಎಂದು ಒಂದು ಸಾಲು ಬರೆ.

ತಮ್ಮ


ಮೇ 14

ತಮ್ಮಾ,

ಇದು ನನ್ನದೇ ಕೈ. ಇವತ್ತು ಹಿಡಿಯುತ್ತಿದೆ.

ನಿನ್ನ ಪ್ರಶ್ನೆಗಳು ಬಹಳವಾದವು, ಎದುರಿಗೆ ಕೇಳು, ಎಲ್ಲಕ್ಕೂ ಹೇಳುತ್ತೇನೆ. ಬೆಲ್ಲು ಒತ್ತಬೇಡ, ಎದ್ದು ಬಂದು ಬಾಗಿಲು ತೆಗೆಯಲು ಆಗುವುದಿಲ್ಲ. ಕೀಲಿಯನ್ನು ಟೈಲರಣ್ಣನಿಗೆ ಕೊಟ್ಟಿದ್ದೇನೆ. ಒಳಗೆ ಬಂದ ಮೇಲೆ ನನ್ನನ್ನು ಕಿಟಕಿಯ ಕಡೆ ಹುಡುಕಬೇಡ, ಹಾಸಿಗೆಯನ್ನು ಈ ಕಡೆ ಗೋಡೆಗೆ ಎಳೆಸಿದ್ದೇನೆ, ಇಲ್ಲಿರುತ್ತೇನೆ.

ಬಟ್ಟೆ ಜಾಸ್ತಿ ತರಬೇಡ. ಸಣ್ಣ ಚೀಲ ಸಾಕು.

ಅಕ್ಕ